ಕ್ಯಾಮೆರಾ ಬಾಜು ನಿಂತವರು

ನನ್ನದು ಸಂಜೆ ಕಾಲೇಜಿನಲ್ಲಿ ಕಲಿತಷ್ಟೇ ಬರವಣಿಗೆ. ಪ್ರೀತಿಯ ಬಗ್ಗೆ ಬರೆಯಲು ಅದು ಸಾಲುತ್ತದೋ ಇಲ್ಲವೋ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸಂಗನಬಸವ ನಮ್ಮ ಗುಡಗೇರಿಯಲ್ಲಿ ಮದುವೆ ವಿಡಿಯೋ ತೆಗೆಯುವವರು. ಬಿಡುವಿನಲ್ಲಿ ಸ್ವಂತದ್ದೊಂದು ಸಿನಿಮಾ ಮಾಡಿದರು. ಅದರಲ್ಲಿ ನಾನು ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತೇನೆ, ಅಷ್ಟೇ.

"ಕ್ಯಾಮೆರಾ ನೋಡಬ್ಯಾಡ್ರಿ" ಅಂದಿದ್ದರು. ಮದುವೆ ವಿಡಿಯೋದಲ್ಲಿ ಎಲ್ಲರೂ ನೋಡುವುದು ಅದನ್ನೇ. ಮತ್ತೆಲ್ಲಿ ನೋಡಲಿ? ಕ್ಯಾಮೆರಾ ಬಾಜು ನಿಂತಿದ್ದ ಅವರನ್ನೇ ನೋಡಿದೆ.

ಊರ ಜನಕ್ಕೆ ಸಿನಿಮಾ ತೋರಿಸುವ ಹಿಂದಿನ ದಿನ ತಮ್ಮ ಸ್ಟುಡಿಯೋದಲ್ಲಿ ನನಗೆ ಆ ದೃಶ್ಯ ತೋರಿಸಿದರು. ಜೊತೆಗೆ ಗೆಳತಿ ಸೀಮಾ ಇದ್ದಳು. ಮೂರು ನಿಮಿಷ ಬೆರಳು ಕಾಯಿಯ ಮೇಲೆ, ಕಣ್ಣು ಅವರ ಮೇಲೆ. ನಗುತ್ತೇನೆ, ತಲೆ ತಗ್ಗಿಸುತ್ತೇನೆ, ಮತ್ತೆ ಕಳ್ಳಿಯಂತೆ ನೋಡುತ್ತೇನೆ.

"ಇದನ್ನ ತಗೀರಿ. ಅಪ್ಪ ನೋಡ್ತಾರ" ಎಂದೆ.

"ದೊಡ್ಡ ಸಿನಿಮಾದವರಾದ್ರ ಇಲ್ಲೇ ಕಟ್ ಮಾಡಿ ಸ್ವಿಟ್ಜರ್ಲೆಂಡಿನಾಗ ಹಾಡು ಹಾಕ್ತಿದ್ರು. ನನ್ನ ಹತ್ರ ಗುಡಗೇರಿ ಒಂದ ಐತ್ರಿ."

"ಚಾಷ್ಟಿ ಬ್ಯಾಡ್ರಿ. ಅಲ್ಲಿ ಹೀರೋಯಿನ್ ಹಂಗ ನೋಡಿದ್ರ ಜನ ಸೀಟಿ ಹೊಡಿತಾರ, ಆಕಿ ತನ್ನ ಊರಿಗೆ ಹೋಗ್ತಾಳ. ನಾ ಎಲ್ಲಿ ಹೋಗ್ಲಿ?"

ಅವರ ನಗು ನಿಂತಿತು. ಮೌಸನ್ನು ನನ್ನ ಮುಂದೆ ಸರಿಸಿದರು.

"ನಿಮ್ಮ ಮುಖ ಇದು. ಬ್ಯಾಡಾದ್ರ ನೀವ ಅಳಸ್ರಿ, ಮಹಾನಂದಾ."

"ನೀವು ಇದನ್ನ ಎಷ್ಟು ಸಲ ನೋಡೀರಿ?"

"ದಿನಾ."

"ನಾ ಚಾ ತರ್ತೀನಿ" ಎಂದು ಸೀಮಾ ಎದ್ದಳು.

"ಕುಂದರ ಬೇ" ಎಂದೆ, ಅಂಜಿಕೆಯಿಂದ.

ಅಳಿಸಲು ಬೆರಳು ಏಳಲಿಲ್ಲ.

ಶನಿವಾರ ಸಂಜೆ ಸಮುದಾಯ ಭವನ ತುಂಬಿತ್ತು. ಅಪ್ಪ ಮುಂದಿನ ಸಾಲಿನಲ್ಲಿ. ಪರದೆಯ ಮೇಲೆ ನಾನು ಬಂದಾಗ ಹಿಂದಿನಿಂದ ಪಕ್ಕದ ಮನೆಯ ರೇಣುಕವ್ವ, "ಹಾಡಿಲ್ಲ, ಫೈಟಿಲ್ಲ, ಬರೇ ಮೆಣಸಿನಕಾಯಿ" ಅಂದಳು. ಜನ ನಕ್ಕರು. ಆಮೇಲೆ ನಗು ನಿಂತಿತು. ಅಪ್ಪ ಪರದೆ ಬಿಟ್ಟು ಪ್ರೊಜೆಕ್ಟರ್ ಹತ್ತಿರ ನಿಂತಿದ್ದ ಸಂಗನಬಸವರನ್ನು ನೋಡಿದರು. ನಂತರ ನನ್ನನ್ನು.

ಮನೆಗೆ ಬರುವಾಗ ಒಂದೇ ಮಾತು: "ಆ ಹುಡುಗಗ ನಾಳೆ ಬಾ ಅಂದೀನಿ."

ಬೆಳಿಗ್ಗೆ ಬಾಗಿಲಲ್ಲಿ ಸಂಗನಬಸವ ಚಪ್ಪಲಿ ಬಿಡುತ್ತ ಮೆಲ್ಲಗೆ ಕೇಳಿದರು, "ಅದೆಲ್ಲಾ ನಟನೆ ಅಂತ ನಿಮ್ಮ ಅಪ್ಪಗ ಹೇಳ್ಲೇನ್ರಿ?"

"ಬ್ಯಾಡ್ರಿ. ನಾ ನಟನೆ ಮಾಡಿಲ್ಲ."

ಅವರು ಒಂದು ಕ್ಷಣ ನನ್ನನ್ನೇ ನೋಡಿ ಒಳಗೆ ಹೋದರು. ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡರು.

ನಾನು ಹೊರಗೆ ಕೂತು ಇದನ್ನು ಬರೆಯುತ್ತಿದ್ದೇನೆ; ಬಾಗಿಲು ಇನ್ನೂ ತೆರೆದಿಲ್ಲ. ಒಳಗೆ ಏನು ಮಾತಾಗುತ್ತಿದೆಯೋ, ನನಗೆ ಗೊತ್ತಿಲ್ಲ.