ಟ್ರಾಲಿ ಹಿಂದ ನಿಂತವರು

ಶಹಾಬಾದಿನಾಗ ನಂದು ಟ್ರ್ಯಾಕ್ಟರ್ ವೈರಿಂಗ್ ಕೆಲಸ. ಟ್ರಾಲಿ ದೀಪ ನೋಡಬೇಕಂದ್ರ ಒಬ್ಬರು ಬ್ರೇಕ್ ಒತ್ತಬೇಕು, ಇನ್ನೊಬ್ಬರು ಹಿಂದ ನಿಂತು, ದೀಪ ಹತ್ತಿದ್ರ ‘ಹತ್ಯಾವ’ ಅಂತ ಕೂಗಬೇಕು.

ಹೋದ ತಿಂಗಳು ವಿಠೋಬಾನ ಫರಸಿ ಕಲ್ಲಿನ ಟ್ರಾಲಿಗೆ ಅಗ್ಗದ ಮಾಲಿನ ದೀಪದ ಸಾಕೆಟ್ ಹಾಕಿದೆ. ಹಿಂದ ಯಾರೂ ಇರಲಿಲ್ಲ, ಇಳಿದು ನೋಡಲಿಕ್ಕೆ ನನಗ ಬ್ಯಾಸರ. ಸೀಟಿನ ಮ್ಯಾಲಿಂದಲೇ ‘ಹತ್ಯಾವ, ಹೋಗ್ರಿ’ ಅಂದೆ. ಅವತ್ತೇ ಸಂಜಿಮುಂದ ಮಳಖೇಡ ರಸ್ತೆದಾಗ ಅವ ಬ್ರೇಕ್ ಹೊಡೆದಾಗ ದೀಪ ಹತ್ತಲಿಲ್ಲ. ಹಿಂದ ಬರ್ತಿದ್ದ ನಮ್ಮೂರ ಸಾಲಿ ಪೂನಮ್ ಟೀಚರ್ ಸ್ಕೂಟಿ ಟ್ರಾಲಿಗೆ ಬಡೀತು. ಅವರು ಉಳೀಲಿಲ್ಲ. ಪೊಲೀಸರು ವಿಠೋಬಾನ್ನ ಕೇಳಿದ್ರು. ನನ್ನ ಯಾರೂ ಕೇಳಲಿಲ್ಲ.

ನಿನ್ನೆ ಮಧ್ಯಾಹ್ನ ಅವ ಅದೇ ಟ್ರಾಲಿ ತಂದು ಬಿಟ್ಟು ಊಟಕ್ಕ ಹೋದ. ಛಲೋ ಸಾಕೆಟ್ ಹಚ್ಚಿ ಬ್ರೇಕ್ ಒತ್ತಿದೆ.

‘ಹತ್ತಲಿಲ್ರಿ,’ ಹಿಂದಿನಿಂದ ಹೆಂಗಸಿನ ದನಿ.

ಇಳಿದು ನೋಡಿದ್ರ ಯಾರೂ ಇಲ್ಲ. ಬಲ್ಬ್ ಮುಟ್ಟಿದೆ, ಬಿಸಿ ಇತ್ತು. ಅಂದ್ರ ಹತ್ತಿತ್ತು. ಸುತ್ತಲಿನ ತಗಡು ಮಾತ್ರ ಅಂಥಾ ಬಿಸಿಲಾಗೂ ಮಣ್ಣಿನ ಕೊಡದ ನೀರಿನಂಗ ತಣ್ಣಗಿತ್ತು.

ಮೂರು ಸಾಕೆಟ್ ಬದಲಿ ಮಾಡಿದೆ. ಮೂರು ಸಲಾನೂ ಅದೇ ಮಾತು.

ಸಿಟ್ಟು ಬಂದು ಎರಡೂ ದೀಪ ಬಿಚ್ಚಿ ಅಂಗಡಿಯೊಳಗ ಒಗೆದು ಬಂದೆ. ದೀಪಾನೇ ಇಲ್ಲದ ಟ್ರಾಲಿ. ಸುಮ್ಮನ ಬ್ರೇಕ್ ಒತ್ತಿದೆ.

ಹಿಂದಿನಿಂದ ಅದೇ ದನಿ ಬಂತು: ‘ಹತ್ಯಾವ, ಹೋಗ್ರಿ.’