ಕಂಬಳಿಯ ಒಳಮೈ

ಆನವಟ್ಟಿ ರಸ್ತೆಯಲ್ಲಿ ಲಾಠಿ ಸದ್ದು ನಿಂತಿತು. ಚೌಡಪ್ಪ ಏಳಲಿಲ್ಲ. ತುಂತುರು ಮಳೆಗೆಂದು ತಲೆಗೆ ಹಾಕಿದ್ದ ಕಂಬಳಿ ಕೊಪ್ಪೆ ಹಾಗೇ ಇತ್ತು. ಹೆಂಡತಿ ಹನುಮಮ್ಮ ಅದನ್ನು ಸರಿಸಿದಳು. ನೆತ್ತಿ ಒಡೆದಿತ್ತು. ಉಸಿರಿರಲಿಲ್ಲ.

ಗೋಮಾಳಕ್ಕೆ ಬೇಲಿ ಹಾಕಬೇಡಿ ಎಂದು ಕುರಿಗಾರರು ಮಂದೆ ಸಮೇತ ರಸ್ತೆಗಿಳಿದಿದ್ದರು. ಅಷ್ಟೇ ಅವರ ಅಪರಾಧ. ಸಂಜೆಯೊಳಗೆ ಪೊಲೀಸರ ಕಥೆ ಸಿದ್ಧವಾಗಿತ್ತು. ಚೌಡಪ್ಪನ ತಮ್ಮನ ಮಗ ಮಾಳೇಶ "ಹೊಡೀರಿ, ಹೊಡೀರಿ" ಎಂದು ಕೂಗಿದ. ಗುಂಪು ಕಲ್ಲು ತೂರಿತು. ಒಂದು ಕಲ್ಲು ಚೌಡಪ್ಪನಿಗೇ ಬಿತ್ತು. ಲಾಠಿ ಎತ್ತಿದ್ದು ಆಮೇಲೆ. ಮಾಳೇಶನ ಮೇಲೆ ಕೊಲೆ ಕೇಸು ಬಿತ್ತು.

ತನಿಖೆಗೆ ಬಂದವರು ಡಿವೈಎಸ್ಪಿ ನಯನ. ಕುರ್ಚಿ ಕೊಟ್ಟರೂ ಕೂರುವ ಜೀವವಲ್ಲ.

* * *

ಎಸ್‌ಐ ಹರ್ಷವರ್ಧನ ಕಲ್ಲನ್ನು ತೋರಿಸಿದ. ಅದರ ಮೇಲಿನ ರಕ್ತ ಚೌಡಪ್ಪನದೇ ಎಂದು ಪ್ರಯೋಗಾಲಯ ಹೇಳಿತ್ತು.

"ಯಾರು ಎತ್ತಿಟ್ಟಿದ್ದು?"

"ನಾನೇ ಮೇಡಂ. ಹೆಣದ ಪಕ್ಕದಲ್ಲೇ ಇತ್ತು."

ಯಾರೋ ಫೋನಿನಲ್ಲಿ ತೆಗೆದ ವಿಡಿಯೋ ಕೂಡ ಇತ್ತು. "ಹೊಡೀರಿ" ಎಂಬ ಕೂಗು ಸ್ಪಷ್ಟ. ಮರುಕ್ಷಣ ಫೋನು ಅಲುಗಾಡಿ ನಿಂತಿತ್ತು.

ಜೈಲಿನಲ್ಲಿ ಮಾಳೇಶ ತಲೆ ಎತ್ತಲಿಲ್ಲ. "ಕೂಗಿದ್ದು ನಾನೇರಿ. ನಾನು ಮುಂದಿದ್ದೆ, ನೋಡ್ಲಿಲ್ಲ. ನಮ್ಮೋರೇ ಕಲ್ಲು ಒಗೆದ್ರಂತೆ. ನನ್ನಿಂದ್ಲೇ ಹೋದ ದೊಡ್ಡಪ್ಪ."

ತಪ್ಪೊಪ್ಪಿಗೆಯೂ ಸಿಕ್ಕಿತು. ಇನ್ನೇನು ಬೇಕು? ನಯನಗೆ ಮಾತ್ರ ಸಮಾಧಾನವಾಗಲಿಲ್ಲ.

* * *

ತೊಗರ್ಸಿಯ ಹತ್ತಿರದ ಮನೆಯಲ್ಲಿ ಹನುಮಮ್ಮ ಕಂಬಳಿ ತಂದಿಟ್ಟಳು.

"ತೊಳೆದ್ರೇನಮ್ಮ?"

"ಮನಸ್ಸು ಬರ್ಲಿಲ್ರಿ."

ನಯನ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹನುಮಮ್ಮ ಮಗಳ ಕಡೆ ತಿರುಗಿದಳು. "ಮಮತಾ, ಹೊತ್ತಾತು. ಕುರಿ ಹೊಡ್ಕಂಡ್ ಬಾ ಹೋಗು."

ನಯನ ತಟ್ಟನೆ ತಲೆ ಎತ್ತಿದರು. "ಏನಂದ್ರಿ ಈಗ?"

"ಕುರಿ ಹೊಡ್ಕಂಡ್ ಬಾ ಅಂದೆ. ಬಡಿ ಅಂದ್ನೇನ್ರಿ?"

ನಯನಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಅವರ ಅಜ್ಜ ಜೀವಮಾನವೆಲ್ಲ ಗಾಡಿ ಹೊಡೆದವರು. ಯಾವ ಗಾಡಿಗೂ ಪೆಟ್ಟು ಬಿದ್ದಿರಲಿಲ್ಲ.

* * *

ಠಾಣೆಯಲ್ಲಿ ಹರ್ಷವರ್ಧನನೂ ಕಾನ್‌ಸ್ಟೆಬಲ್ ಕಲ್ಲಪ್ಪನೂ ನಿಂತಿದ್ದರು.

"ಮಾಳೇಶ ಕೂಗಿದ್ದು ಯಾವಾಗ?"

"ರಸ್ತೆ ಖಾಲಿ ಮಾಡಿ ಅಂತ ನಾನು ಹೇಳಿದ ತಕ್ಷಣ ಮೇಡಂ."

"ಖಾಲಿ ಮಾಡ್ತಾ ಇದ್ದ ಕಣ್ರೀ. ಕುರಿ ಹೊಡೀರಿ ಅಂತ ತನ್ನವರಿಗೆ ಹೇಳ್ತಿದ್ದ."

"ಆದ್ರೆ ಕಲ್ಲು..."

ನಯನ ಕಂಬಳಿ ಹಾಸಿದರು. "ಒಳಮೈ ನೋಡಿ, ರಕ್ತ. ಹೊರಮೈಯಲ್ಲಿ ಒಂದೂ ಕಲೆ ಇಲ್ಲ. ಬಿದ್ದ ಕಲ್ಲು ಕಂಬಳಿಯ ಹೊರಗೆ ತಾಗಬೇಕಿತ್ತು. ಅದಕ್ಕೆ ರಕ್ತ ಎಲ್ಲಿಂದ ಬಂತು? ಕೊಪ್ಪೆ ಸರಿಸಿದ ಮೇಲೆ ಯಾರೋ ಹಚ್ಚಿದ್ದು. ನಿಮ್ಮ ಲಾಠಿ ಎಲ್ಲಿ?"

"ಚೆನ್ನಾಗಿ ಒರೆಸಿಟ್ಟಿದೀನಿ ಮೇಡಂ."

ಒರೆಸಿದೆಯಾ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಲಾಠಿ ತರಿಸಿ ನೋಡಿದರೆ, ಬಿದಿರಿನ ಸೀಳಿನಲ್ಲಿ ಕಂಬಳಿಯ ಕರಿ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು.

ಕಲ್ಲಪ್ಪ ಬಾಯಿಬಿಟ್ಟ. "ಒಂದೂ ಕಲ್ಲು ಬೀಳಲಿಲ್ಲ ಮೇಡಂ. ಅಜ್ಜ ಕುರಿ ತಿರುಗಿಸ್ತಿದ್ರು. ಸಾಹೇಬ್ರು ಹಿಂದಿನಿಂದ ಕೊಟ್ರು. ಆಮೇಲೆ ಕಲ್ಲು ಹುಡುಕಿದ್ರು."

"ಇಷ್ಟು ದಿನ ಯಾಕೆ ಸುಮ್ನಿದ್ರಿ?"

"ನೌಕರಿ ಮೇಡಂ."

ಹರ್ಷವರ್ಧನನ ದನಿ ಇಳಿಯಿತು. "ನಮ್ಮನ್ನೇ ಹೊಡೀರಿ ಅಂದ ಅನ್ಕೊಂಡೆ."

"ತಪ್ಪು ಕೇಳಿಸ್ಕೊಂಡ್ರಿ, ಒಪ್ತೀನಿ. ಬೆನ್ನು ಹಾಕಿದ್ದ ಮುದುಕನ ತಲೆಗೇ ಹೊಡೀಬೇಕಿತ್ತಾ? ಕಲ್ಲಿಗೆ ರಕ್ತ ಹಚ್ಚಿದ್ದು ಯಾವ ಮಾತು ಕೇಳಿ?"

ನಯನ ಅಲ್ಲೇ ಅವನನ್ನು ಬಂಧಿಸಿದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

* * *

ಮಾಳೇಶನ ಬಿಡುಗಡೆಯ ದಿನ ನಯನ ತಾವೇ ಜೈಲಿಗೆ ಹೋದರು.

"ಕಲ್ಲಲ್ಲ ಮಾಳೇಶ, ಲಾಠಿ. ನಿಮ್ಮವರು ಯಾರೂ ಏನೂ ಮಾಡಿಲ್ಲ."

ಅವನು ಮೊದಲ ಸಲ ತಲೆ ಎತ್ತಿದ. "ಕುರಿ ಹೊಡೀರಿ ಅಂತ ನಾನು ಕೂಗಿದ್ದಕ್ಕೇ ಲಾಠಿ ಎತ್ತಿದ್ರೇನ್ರಿ?"

ಸುಳ್ಳು ಹೇಳಬಹುದಿತ್ತು. ಈ ಕೇಸಿನಲ್ಲಿ ಸುಳ್ಳು ಆಗಲೇ ಸಾಕಷ್ಟಾಗಿತ್ತು.

"ಹೌದು. ಆದ್ರೆ ಕೂಗಿಗೆ ಕೈ ಇರಲ್ಲ. ಕೈ ಅವರದು."

ಮಾಳೇಶ ಗೋಡೆಗೆ ಒರಗಿ ಕುಸಿದು ಅತ್ತ. ಇಷ್ಟು ದಿನ ಕೊಲೆಗಾರನಾಗಿದ್ದವನಿಗೆ ದೊಡ್ಡಪ್ಪನಿಗಾಗಿ ಅಳಲು ಅಪ್ಪಣೆ ಸಿಕ್ಕಿದ್ದು ಅಂದೇ.