ಗುಲಾಬಿಯಕ್ಕನ ಚಟ್ನಿ ಮತ್ತು ಮೂಗಿರುವ ಬಸ್ಸು

"ನನ್ನ ಒಣಸಿಗಡಿ ಚಟ್ನಿಯ ಪರಿಮಳಕ್ಕೆ ಘಟ್ಟದ ಆನೆಗಳೆಲ್ಲ ಸಾಲಾಗಿ ಬಂದು ಕೂರ್ತವೆ. ಅರ್ಧ ಸುಳ್ಳು ಡಾಕ್ಟ್ರೇ. ಬಂದದ್ದು ಒಂದೇ ಆನೆ, ಅದೂ ಕೂರ್ಲಿಲ್ಲ."

ಗುಲಾಬಿಯಕ್ಕ ಹೀಗೆನ್ನುತ್ತಿದ್ದಂತೆ ಪ್ರವಾಸಿಗರು ಮಲಗಿಯೇ ಸಾಗುವ, ಚಾಲಕನಿಲ್ಲದ ಮನೆಬಸ್ಸೊಂದು ಕಾಡಿನ ತಿರುವಿನಲ್ಲಿ ನಿಂತು, ಗಾಳಿ ಎಳೆದುಕೊಂಡು, ಅವಳ ಗಂಜಿ ಗುಡಿಸಲಿನ ಪಕ್ಕದ ಹೊಳೆದಂಡೆಗೇ ನೆಟ್ಟಗೆ ಬಂತು.

"ಇದಕ್ಕೆ ಮೂಗುಂಟಾ?"

"ಉಂಟು. ನಿದ್ರಾಶೋಧಕ, ನಾನೇ ಮಾಡಿದ್ದು," ಎಂದಳು ವಿಜ್ಞಾನಿ ಮೃದುಲಾ. "ಯಾವ ವಾಸನೆಯಲ್ಲಿ ಜನ ಚೆನ್ನಾಗಿ ಮಲಗ್ತಾರೋ ಅದನ್ನು ಎಲ್ಲಾ ಬಸ್ಸುಗಳೂ ನೆನಪಿಟ್ಟು ಹುಡುಕ್ತವೆ."

"ನನ್ನ ಗಂಜಿ-ಚಟ್ನಿ ಉಂಡವರು ಮಧ್ಯಾಹ್ನ ಹೆಣದ ಹಾಗೆ ಬೀಳ್ತಾರೆ. ಹಾಗಾದ್ರೆ ಅದು ಹುಡುಕುವುದು ನನ್ನ ಚಟ್ನಿಯನ್ನ!"

ಪ್ರಯಾಣಿಕರು ಮಲಗಿದ ಮೇಲೆ ಬಸ್ಸು ತನ್ನ ಕಕ್ಕಸಿನ ತೊಟ್ಟಿಯನ್ನೂ ತಾನೇ ಖಾಲಿ ಮಾಡುತ್ತಿತ್ತು. ಅದಕ್ಕೆ ಗುಂಡಿ ತೋಡಿಸಬೇಕಾಗಿದ್ದವನು ಆ ಹೊಳೆದಂಡೆಯ ಬಸ್ ತಂಗುದಾಣದ ಒಡೆಯ ಪದ್ಮರಾಜ. ತೋಡಿಸಿರಲಿಲ್ಲ, ಹೊಲಸೆಲ್ಲ ಹೊಳೆಗೆ. ಅದೇ ಹೊಳೆಯಲ್ಲಿ ಗುಲಾಬಿಯಕ್ಕ ಗಂಡ ಐತಪ್ಪನ ಬೂದಿ ಬಿಟ್ಟಿದ್ದಳು. ದಿನವೂ ತಾನು ಉಣ್ಣುವ ಮೊದಲು ಒಂದು ತುತ್ತು ಅನ್ನವನ್ನು ಅಲ್ಲಿನ ಮೀನುಗಳಿಗೆ ಹಾಕುತ್ತಿದ್ದಳು, ಅದು ಅವನ ಪಾಲು. ಒಂದು ಬೆಳಿಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು.

ದೂರಿದಾಗ ಪದ್ಮರಾಜ ನಕ್ಕ. "ಎಂತ ಅಜ್ಜಿ, ಸತ್ತ ಮೀನಿಗೂ ಬೊಜ್ಜ, ತಿಥಿ ಎಲ್ಲ ಮಾಡಿಸ್ಬೇಕಾ?"

ಮರುದಿನ ಅವಳು ದೊಡ್ಡ ಪಾತ್ರೆ ತುಂಬ ಚಟ್ನಿ ಅರೆದು, ಅವನ ಹೊಸ ಬಂಗಲೆಯ ಗೇಟಿಗೆ, ಕಾಂಪೌಂಡಿಗೆ, ಈಜುಕೊಳದ ಅಂಚಿಗೆ ಕೈಯಾರೆ ಬಳಿದು ಬಂದಳು.

ಬಸ್ಸುಗಳು ಹೊಳೆಯನ್ನು ಬಿಟ್ಟು ಬಂಗಲೆಗೆ ನುಗ್ಗಿದವು. ಪ್ರಯಾಣಿಕರು ಸೊಗಸಾಗಿ ಮಲಗಿದರು. ತೊಟ್ಟಿಗಳು ಈಜುಕೊಳದಲ್ಲಿ ಖಾಲಿಯಾದವು. ವಾರದೊಳಗೆ ಪದ್ಮರಾಜನ ಹೆಂಡತಿ ತವರಿಗೆ ಹೋದಳು.

ಪದ್ಮರಾಜನ ದೂರು ಕೇಳಿ ಮೃದುಲಾ ಓಡಿ ಬಂದಾಗ ಗುಡಿಸಲಿನ ಅಂಗಳದಲ್ಲಿ ಒಂದು ಬಸ್ಸು ನಿಂತಿತ್ತು.

"ಅವನದ್ದೇ," ಎಂದಳು ಗುಲಾಬಿಯಕ್ಕ. "ಮನೆಯಲ್ಲಿ ನಿಲ್ಲಲಿಕ್ಕಾಗದೆ ಬಸ್ಸಿನಲ್ಲಿ ವಾಸ. ಗೇಟನ್ನು ಸೋಪು ಹಾಕಿ ತಿಕ್ಕಿಸಿದ್ದ. ಪರಿಮಳ ಉಳಿದದ್ದು ನನ್ನಲ್ಲಿ ಮಾತ್ರ. ಬಸ್ಸು ಅವನನ್ನು ಇಲ್ಲಿಗೇ ತಂದು ಹಾಕಿತು."

"ಛೇ! ಇದನ್ನು ನಾನು ಯೋಚಿಸಿಯೇ ಇರ್ಲಿಲ್ಲ."

"ನಾನೂ ಇಲ್ಲ. ಆರು ತಿಂಗಳಿಂದ ನಿದ್ದೆ ಇಲ್ಲದವನ ಹಾಗೆ ಗೊರಕೆ, ಕಾಡೇ ನಡುಗಿತು. ನಾನು ತೊಟ್ಟಿಯ ಕೊಳವೆಯನ್ನು ಎಳೆದು ಅವನ ತಲೆದಿಂಬಿನ ಮೇಲಿನ ಕಿಟಕಿಗೆ ಸಿಕ್ಕಿಸಿದೆ. ಹೊಲಸು ನೀರು ಬರುವಾಗ ಕೊಳವೆ ಮಡಚಿ ಹಿಡಿದೆ. ಬಿಟ್ರೆ ಮುಗೀತು! ಆಗ ಅವನು ಕಣ್ಣು ಬಿಟ್ಟ. ನನ್ನನ್ನೇ ನೋಡಿ, 'ಅಮ್ಮಾ, ಗಂಜಿ ಉಂಟಾ?' ಅಂತ ಕೇಳಿದ. ಆ ದಿನದ ತುತ್ತು ಹಾಕಲಿಕ್ಕೆ ಹೊಳೆಯಲ್ಲಿ ಒಂದು ಮೀನೂ ಇರ್ಲಿಲ್ಲ ಡಾಕ್ಟ್ರೇ. ಐತಪ್ಪನ ಪಾಲು ಬಟ್ಟಲಲ್ಲಿ ಹಾಗೇ ಇತ್ತು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಕೊಳವೆ."

"ಆಮೇಲೆ?"

ಗುಲಾಬಿಯಕ್ಕ ಎಲೆಯಡಿಕೆ ಬಾಯಿಗಿಟ್ಟುಕೊಂಡಳು.

"ಇಷ್ಟು ದೊಡ್ಡ ಯಂತ್ರ ಮಾಡಿದವರು ನೀವು. ಯಾವ ಕೈ ಬಿಟ್ಟೆ, ಹೇಳಿ ನೋಡುವಾ!"